ತೆಪ್ಪದವನ ಹೆಸರಿಗೆ ಲೈಸೆನ್ಸಿಲ್ಲ

ದಾವಣಗೆರೆಯ ವಿನೋಬನಗರಕ್ಕೂ ಹೊಳೆಗೂ ಎತ್ತಣ ಸಂಬಂಧ ಅಂತ ಕೇಳಬಹುದು. ಹರಿಹರ ಇಲ್ಲಿಂದ 14 ಕಿಲೋಮೀಟರ್. ನಮ್ಮ ಊರಿನ ನಲ್ಲಿಗಳಿಗೆ ಬರೋದು ರಾಜನಹಳ್ಳಿ ಹತ್ತಿರ ಪಂಪು ಎತ್ತಿದ ತುಂಗಭದ್ರೆ. ಸಂಬಂಧ ಅಷ್ಟು ಸಾಕು. ಇನ್ನು ಈ ಬಡಾವಣೆಗೆ ಹೆಸರು ಕೊಟ್ಟ ವಿನೋಬಾ 1951ರಲ್ಲಿ ಪೋಚಂಪಳ್ಳಿಯಿಂದ ಶುರುಮಾಡಿ ಊರೂರು ನಡೆದು ಭೂಮಿ ಬೇಡಿದವರು. ಭೂದಾನ ಅನ್ನೋ ಮಾತು ಹುಟ್ಟಿತು. ಹೊಳೆದಾನ ಅಂತ ಯಾರೂ ಬೇಡಲಿಲ್ಲ. ಹೊಳೆ ಯಾರಪ್ಪನ ಸ್ವತ್ತೂ ಅಲ್ಲ, ದಾನ ಕೊಡೋಕೆ ಒಡೆಯನೇ ಇಲ್ಲ ಅಂತ ನಮ್ಮ ಜನ ನಂಬಿಕೊಂಡಿದ್ದರು. ಸರ್ಕಾರ ಮಾತ್ರ ಹಾಗೆ ನಂಬಿರಲಿಲ್ಲ.

ಮೀನು ಹಿಡಿಯುವ ಪರವಾನಗಿ ಶುಲ್ಕ ಏರಿತು ಅನ್ನೋ ಸುದ್ದಿ ಬಂದಾಗೆಲ್ಲ ಪತ್ರಿಕೆಗಳು ಎಷ್ಟು ರೂಪಾಯಿ ಅಂತ ಬರೀತವೆ. ಶುಲ್ಕ ಏರಿದರೆ ದೂರದಿಂದ ಗಾಳ ಹಾಕೋಕೆ ಬರುವ ಶ್ರೀಮಂತ ಎರಡು ಸಲ ಬರುವಲ್ಲಿ ಒಂದು ಸಲ ಬರ್ತಾನೆ, ಅವನ ತೆಪ್ಪ ನಡೆಸಿ ಮಡುವು ತೋರಿಸುವ ಹಳ್ಳಿಯವನಿಗೆ ಅಷ್ಟು ದಿನದ ಕೂಲಿ ಕಮ್ಮಿ ಆಗ್ತದೆ. ಇದು ಯಾರಿಗಾದರೂ ತಿಳಿಯುವ ಲೆಕ್ಕ. ಅದರ ಹಿಂದಿರುವ ಲೆಕ್ಕ ಬೇರೆ. ಚೀಟಿ ಯಾರ ಹೆಸರಿಗೆ ಐತಿ? ಹೊಳೆಯನ್ನು ಅಂಗೈ ಗೆರೆಯಂತೆ ಬಲ್ಲವನ ಹೆಸರು ಯಾವ ಕಾಗದದಲ್ಲಿ ಐತಿ? ಇದನ್ನು ಕೇಳಬೇಕಾದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಕತೆ ಶುರುವಾಗೋದು ನಮ್ಮ ನಾಡಿನಲ್ಲೇ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಎಂಬ ಇಂಗ್ಲಿಷರವ 1870ರಲ್ಲಿ ಆ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಒಂದು ವರದಿ ಬರೆದ. ನೇಟಿವರು ಸಣ್ಣ ಕಣ್ಣಿನ ಬಲೆ ಹಾಕ್ತಾರೆ, ಮರಿಗಳನ್ನೂ ಬಿಡೋದಿಲ್ಲ, ಮಡುವಿಗೆ ವಿಷ ಕದಡ್ತಾರೆ, ಹೀಗಾದರೆ ಮೀನು ನಿರ್ನಾಮ ಅನ್ನೋದು ಅವನ ದೂರು. ಮೂರು ವರ್ಷ ಬಿಟ್ಟು, 1873ರಲ್ಲಿ, ಅದೇ ಥಾಮಸ್ ಇನ್ನೊಂದು ಪುಸ್ತಕ ಬರೆದ. ಅದು ಭಾರತದ ಹೊಳೆಗಳಲ್ಲಿ ಗಾಳ ಹಾಕುವ ಮೋಜಿನ ಬಗ್ಗೆ. ಮಶೀರ್ ಮೀನು ದಾರವನ್ನು ಜಗ್ಗಿ ಓಡುವ ಸುಖಕ್ಕೆ ಸಮ ಬೇರೆ ಇಲ್ಲ ಎಂಬ ಭಾವದ ಪುಸ್ತಕ. ಒಂದೇ ಕೈ, ಒಂದೇ ಶಾಯಿ. ಬಡವ ಹಿಡಿದರೆ ನಾಶ, ದೊರೆ ಹಿಡಿದರೆ ಕ್ರೀಡೆ. ಅದೇ 1873ರಲ್ಲಿ ಫ್ರಾನ್ಸಿಸ್ ಡೇ ಎಂಬ ಮೀನುಶಾಸ್ತ್ರಜ್ಞ ಭಾರತ ಮತ್ತು ಬರ್ಮಾದ ಸಿಹಿನೀರ ಮೀನುಗಾರಿಕೆಯ ಮೇಲೆ ಸರ್ಕಾರಕ್ಕೆ ವರದಿ ಕೊಟ್ಟ. ಅವನೂ ಕಾನೂನು ಬೇಕು ಅಂದ.

ಥಾಮಸನ ಮಾತು ಪೂರಾ ಸುಳ್ಳು ಅಂತ ನಾನು ಹೇಳೋದಿಲ್ಲ. ಮರಿ ಮೀನು ಬಾಚಿಕೊಂಡರೆ ಮುಂದಿನ ವರ್ಷ ಹೊಳೆ ಬರಿದು. ಇದು ನಮ್ಮ ಬೆಸ್ತರಿಗೆ, ಅಂಬಿಗರಿಗೆ ಕಲೆಕ್ಟರ್ ಹೇಳಿಕೊಡಬೇಕಾದ ವಿಷಯ ಅಲ್ಲ. ಬೇಸಿಗೆಯಲ್ಲಿ ಹೊಳೆ ಹರಿಯೋದು ನಿಂತು ಮಡುವು ಮಡುವಾದಾಗ ಕಾರೆಕಾಯಿ ಜಜ್ಜಿ ನೀರಿಗೆ ಹಾಕೋದು, ಕೆರೆ ಬತ್ತಿದಾಗ ಊರ ಹೊರಗಿನ ಕೇರಿಯವರೆಲ್ಲ ಕೂಳಿ ಹಿಡಕೊಂಡು ಕೆಸರಿಗೆ ಇಳಿಯೋದು, ಇವೆಲ್ಲ ಹಸಿದ ಹೊಟ್ಟೆಯ ವರ್ಷಕ್ಕೊಂದು ಹಬ್ಬ. ಆ ಮೀನಿಗೂ ಜಾತಿ ಅಂಟಿಕೊಂಡಿತ್ತು. ಮೀನು ತಿಂದವನು ಕೀಳು. ಮೀನಿನ ಹರಾಜಿನ ದುಡ್ಡು ಮಾತ್ರ ಯಾವ ಕಾಲಕ್ಕೂ ಕೀಳಲ್ಲ.

ಇಷ್ಟೆಲ್ಲ ಆದಮೇಲೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂತು. ಪುಟ್ಟ ಕಾಯಿದೆ. ನಾಲ್ಕನೇ ಕಲಮು ಸಿಡಿಮದ್ದು ಹಾಕಬಾರದು ಅನ್ನುತ್ತದೆ. ಐದನೇ ಕಲಮು ವಿಷ ಹಾಕಬಾರದು ಅನ್ನುತ್ತದೆ. ತಪ್ಪಿದರೆ ಎರಡು ತಿಂಗಳವರೆಗೆ ಜೈಲು, ಇಲ್ಲವೇ ಇನ್ನೂರು ರೂಪಾಯಿವರೆಗೆ ದಂಡ. 1897ರ ಇನ್ನೂರು ರೂಪಾಯಿ! ಮೀನು ಹಿಡಿಯುವವನ ಬಲೆ, ತೆಪ್ಪ, ಗುಡಿಸಲು ಎಲ್ಲ ಮಾರಿದರೂ ಹುಟ್ಟದ ದುಡ್ಡು. ಆರನೇ ಕಲಮು ಬಲೆಯ ಕಣ್ಣು ಎಷ್ಟಿರಬೇಕು, ಯಾವ ಕಾಲದಲ್ಲಿ ಹಿಡಿಯಬಾರದು ಅಂತ ನಿಯಮ ಮಾಡುವ ಅಧಿಕಾರವನ್ನು ಪ್ರಾಂತ ಸರ್ಕಾರದ ಕೈಗೆ ಕೊಟ್ಟಿತು.

ಐದನೇ ಕಲಮನ್ನು ಓದುಗ ಗೆಳೆಯರು ಸ್ವಲ್ಪ ನಿಧಾನ ಓದಬೇಕು. ಅಲ್ಲಿ ಬರೀ ವಿಷ ಹಾಕಿದರೆ ಅಪರಾಧ ಅಂತ ಇಲ್ಲ. ಮೀನು ಹಿಡಿಯುವ ಅಥವಾ ಕೊಲ್ಲುವ ಉದ್ದೇಶದಿಂದ ವಿಷ ಹಾಕಿದರೆ ಅಪರಾಧ ಅಂತ ಇದೆ. ಉದ್ದೇಶ! ಸಾರಿಗೆ ಮೀನು ಬೇಕು ಅಂತ ಕಾರೆಕಾಯಿ ಜಜ್ಜಿದವನಿಗೆ ಉದ್ದೇಶ ಇದೆ, ಅವನು ಸಿಕ್ಕಿಬಿದ್ದ. ಬೇರೆ ಏನನ್ನೋ ತಯಾರಿಸುವವನ ಕೊಳಕು ಹೊಳೆಗೆ ಇಳಿದು ಮೀನು ಸತ್ತರೆ ಅವನಿಗೆ ಮೀನಿನ ಮೇಲೆ ಯಾವ ಉದ್ದೇಶವೂ ಇಲ್ಲ. ಈ ಒಂದು ಮಾತು ಮುಂದೆ ಹರಿಹರದ ಹತ್ತಿರ ಏನು ಮಾಡಿತು ಅಂತ ಆಮೇಲೆ ನೋಡೋಣ.

ಆಗ ಹರಿಹರದಲ್ಲಿ ಹೊಳೆಯೇ ಗಡಿ. ಈ ದಂಡೆ ಮೈಸೂರು ಮಹಾರಾಜರ ಚಿತ್ರದುರ್ಗ ಜಿಲ್ಲೆ. ಆ ದಂಡೆ ಬ್ರಿಟಿಷರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಮೀನಿಗೆ ಇದು ಗೊತ್ತಿರಲಿಲ್ಲ. ತೆಪ್ಪದವನಿಗೆ ಗೊತ್ತಿರಲೇಬೇಕು. ಯಾಕಂದರೆ ಆಚೆ ದಂಡೆಗೆ 1897ರ ಕಾಯಿದೆ, ಈಚೆ ದಂಡೆಗೆ ಮೈಸೂರು ಸರ್ಕಾರ 1901ರಲ್ಲಿ ತಂದ ಬೇಟೆ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್. ಬೇಟೆ ಮತ್ತು ಮೀನು ಒಂದೇ ಕಾನೂನಿನಲ್ಲಿ ಯಾಕೆ ಬಂದವು? ಎರಡೂ ಅರಮನೆಯ, ದೊರೆಗಳ ಮೋಜಿನ ಸಾಮಾನು. ಹುಲಿಯ ಜೊತೆ ಮೀನನ್ನೂ ಸಂರಕ್ಷಿಸಿದ್ದು ಶಿಕಾರಿಯವನಿಗೆ ಬೇಟೆ ಉಳೀಲಿ ಅಂತ.

ಆ ಮೋಜಿನ ದಾಖಲೆ ಬಹಳ ಚೆನ್ನಾಗಿ ಉಳಿದಿದೆ. 1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು 120 ಪೌಂಡಿನ ಮಶೀರ್ ಹಿಡಿದರು. ಸುಮಾರು 54 ಕಿಲೋ, ಒಬ್ಬ ಸಣಕಲು ಆಳಿನ ತೂಕ. ಸತ್ತ ಹುಲಿಗಳನ್ನು ಜೀವ ಇದ್ದಂತೆ ನಿಲ್ಲಿಸುತ್ತಿದ್ದ ಮನೆತನ ಅದು, ಲೋಕಪ್ರಸಿದ್ಧ. ಇಂಥ ದಾಖಲೆಯ ಪಟ್ಟಿಗಳಲ್ಲಿ ಮೀನಿನ ತೂಕ ಇದೆ, ಹಿಡಿದವರ ಹೆಸರಿದೆ, ಹೊಳೆಯ ಹೆಸರಿದೆ. ಹರಿಗೋಲು ಹಾಕಿದವರ ಹೆಸರಿಗೆ ಕಾಲಂ ಇಲ್ಲ. ನಮಗಿದು ಹೊಸದೇನಲ್ಲ. ಹರಿಹರೇಶ್ವರನ ಗುಡಿ ಕಟ್ಟಿಸಿದ ಹೊಯ್ಸಳ ದಂಡನಾಯಕ ಪೋಲಾಳ್ವನ ಹೆಸರು 1224ರಿಂದ ಕಲ್ಲಿನ ಮೇಲೆ ನಿಂತಿದೆ. ಆ ಕಲ್ಲುಗಳು ಹೊಳೆ ದಾಟಿ ಬಂದಿದ್ದರೆ ದಾಟಿಸಿದವ ಯಾರೋ ಏನೋ.

ಒಬ್ಬನೇ ಒಬ್ಬ ಈ ಕಟ್ಟು ಮುರಿದವನು ನಮ್ಮ ಹೊಳೆ ದಂಡೆಯಲ್ಲೇ ಇದ್ದ. ಹರಿಹರದಿಂದ ಹೊಳೆಯ ಜೊತೆ ಕೆಳಕ್ಕೆ ಹೋದರೆ ರಾಣೆಬೆನ್ನೂರು ಸೀಮೆಯಲ್ಲಿ ಚೌಡಯ್ಯದಾನಪುರ ಸಿಗುತ್ತದೆ. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ಊರು. ಉಳಿದ ವಚನಕಾರರಲ್ಲಿ ಬಹಳ ಜನ ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರು. ಚೌಡಯ್ಯ ಅಂಬಿಗರ ಚೌಡಯ್ಯ ಅಂತ ತನ್ನದೇ ಹೆಸರನ್ನು, ತನ್ನ ಕಸುಬಿನ ಸಮೇತ, ಒತ್ತಿ ಹೇಳಿದ. ಹುಟ್ಟು ಹಾಕುವವನು ತನ್ನ ಹೆಸರು ತಾನೇ ಬರೆದುಕೊಳ್ಳದಿದ್ದರೆ ಬರೆಯುವವರು ಯಾರೂ ಇಲ್ಲ ಅಂತ ಅವನಿಗೆ ಎಂಟುನೂರು ವರ್ಷದ ಹಿಂದೆಯೇ ಗೊತ್ತಿತ್ತು ಅಂತ ನನಗೆ ಅನ್ನಿಸ್ತದೆ.

ಈಗ ಕಾವೇರಿಗೆ ಹೋಗೋಣ. ನಮ್ಮ ನಾಡಿನಲ್ಲಿ ಗಾಳದ ಮೋಜಿಗೆ ದಾರಿ ತೋರಿಸೋದೇ ಒಂದು ಕಸುಬಾಗಿ ಬೆಳೆದದ್ದು ಅಲ್ಲಿ.

ಬ್ರಿಟಿಷರು ಹೋದಮೇಲೆ ಕಾವೇರಿಯ ದೊಡ್ಡ ಮಶೀರ್ ಮುಗಿದೇಹೋಯಿತು ಅಂತ ಹೊರದೇಶದ ಗಾಳದವರು ತಿಳಿದುಕೊಂಡಿದ್ದರು. 1977ರಲ್ಲಿ ಇಂಗ್ಲೆಂಡಿನಿಂದ ಮೂವರು ಹುಡುಗರು ಅದನ್ನು ಹುಡುಕಿಕೊಂಡು ಬಂದರು. 1978ರಲ್ಲಿ 92 ಪೌಂಡಿನ ಮೀನು ಅವರಿಗೆ ಸಿಕ್ಕಿತು. ಸುದ್ದಿ ಇಂಗ್ಲೆಂಡಿಗೆ ಮುಟ್ಟಿತು. ಅದಕ್ಕೂ ಮೊದಲೇ, 1972ರಲ್ಲಿ, ಬೆಂಗಳೂರಿನಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಹುಟ್ಟಿತ್ತು. ಈ ಸಂಘ ಕಾವೇರಿಯ ಒಂದು ಭಾಗವನ್ನು ಸರ್ಕಾರದಿಂದ ಗುತ್ತಿಗೆ ಹಿಡಿದು ಕಾವಲು ಹಾಕಿತ್ತು. 1980ರಲ್ಲಿ ಜಂಗಲ್ ಲಾಡ್ಜಸ್ ಎಂಬ ಸಂಸ್ಥೆ ಬಂತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಅದರ ಮೀನು ಕ್ಯಾಂಪುಗಳಾದವು. ಹಿಡಿದ ಮೀನನ್ನು ತೂಗಿ, ಫೋಟೋ ಹೊಡೆದು, ತಿರುಗಿ ಹೊಳೆಗೇ ಬಿಡಬೇಕು. ಅದು ಅಲ್ಲಿಯ ನಿಯಮ.

ಬಂದ ಅತಿಥಿಗೆ ಮೀನು ತೋರಿಸೋರು ಯಾರು? ಸುತ್ತಿನ ಹಳ್ಳಿಯವರು. ಬಂಡೆಯ ಯಾವ ಸಂದಿನಲ್ಲಿ ಸುಳಿ ತಿರುಗುತ್ತದೆ, ನೀರು ಎಷ್ಟು ಇಳಿದಾಗ ಬಿಳಿಮೀನು ಮೇಲಕ್ಕೆ ಬರುತ್ತದೆ, ಬಂಡೆಗೆ ಸಿಕ್ಕಿಕೊಂಡ ದಾರವನ್ನು ಮುಳುಗಿ ಹೇಗೆ ಬಿಡಿಸಬೇಕು, ಎಲ್ಲ ಅವರಿಗೆ ಗೊತ್ತು. ಗಾಳದ ಎರೆ ಏನು ಅಂತೀರಿ? ರಾಗಿ! ಬೇಯಿಸಿ ಗಟ್ಟಿಯಾಗಿ ನಾದಿದ ರಾಗಿ ಹಿಟ್ಟಿನ ಉಂಡೆ. ನಮ್ಮ ಹೊಟ್ಟೆಗೆ ಹೋಗುವ ಮುದ್ದೆಯನ್ನೇ ಸಣ್ಣದು ಮಾಡಿ ಕೊಕ್ಕೆಗೆ ಕಟ್ಟಿ, ಅವರು ಲಂಡನ್ನಿನ ಕೋಲಿನ ತುದಿಗೆ ಕಾವೇರಿಯ ಮೀನನ್ನು ತಂದು ಕೊಟ್ಟರು.

ಈ ಜನಕ್ಕೆ ಇಂಗ್ಲಿಷ್ ಗಾಳದ ಸಾಹಿತ್ಯ ಕೊಟ್ಟ ಹೆಸರು ಗಿಲ್ಲಿ. ನಮ್ಮ ಭಾಷೆಯ ಗಿಲ್ಲಿ ಅಲ್ಲ ಇದು. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಇದರ ಅರ್ಥ ಹುಡುಗ, ಆಳು. ಅಲ್ಲಿಯ ಜಮೀನ್ದಾರನ ಬೇಟೆಗೆ, ಮೀನಿಗೆ ಹಿಂದೆ ಹಿಂದೆ ಓಡುವ ಆಳು. ಮೊಮ್ಮಕ್ಕಳನ್ನು ಕಂಡವನೂ ಗಿಲ್ಲಿ, ಅಂದರೆ ಹುಡುಗ. ನಮ್ಮ ಊರ ಗೌಡರ ಅಂಗಳದಲ್ಲಿ ಮುದುಕನಾದರೂ ಏ ಹುಡುಗಾ ಅನಿಸಿಕೊಂಡ ನಮ್ಮ ಅಪ್ಪಂದಿರಿಗೆ ಈ ಪದದ ಅನುವಾದ ಬೇಕಾಗಿಲ್ಲ.

ಇನ್ನೊಂದು ಹೆಸರೂ ಇತ್ತು. ಈ ಮಾರ್ಗದರ್ಶಿಗಳಲ್ಲಿ ಹಲವರು ಮೊದಲು ತೋಟೆ ಸಿಡಿಸಿ, ಬಲೆ ಹಾಕಿ ಮೀನು ಹಿಡಿಯುತ್ತಿದ್ದವರು. ಕ್ಯಾಂಪಿನ ಪ್ರಶಂಸೆಯ ಬರಹಗಳಲ್ಲಿ ಅವರು ಸುಧಾರಿಸಿದ ಕಳ್ಳಬೇಟೆಗಾರರು. ತೋಟೆ ಕೆಟ್ಟದ್ದು, ನಿಜ. ಒಂದು ತೋಟೆಗೆ ಮಡುವಿನ ಮೊಟ್ಟೆ ಮರಿ ಎಲ್ಲ ಸಾಯುತ್ತವೆ, ಹಾಕಿದವನ ಕೈಯೂ ಹೋಗುತ್ತದೆ. ಅದನ್ನು ಬಿಡಿಸಿ ಸಂಬಳ ಕೊಟ್ಟದ್ದು ಒಳ್ಳೆಯ ಕೆಲಸವೇ. ಆದರೆ ಅವನನ್ನು ಕಳ್ಳ ಮಾಡಿದ್ದು ಬರೀ ತೋಟೆಯಲ್ಲ. 1987ರಲ್ಲಿ ಆ ಸೀಮೆ ಕಾವೇರಿ ವನ್ಯಧಾಮವಾಯಿತು. ಬಲೆ ಹಾಕುವವನು ಕಾಡಿನ ಕಾನೂನಿಗೆ ಕಳ್ಳನಾದ. ಅದೇ ನೀರಿನಲ್ಲಿ ಗಾಳ ಹಾಕುವವನು ಅತಿಥಿಯಾಗೇ ಉಳಿದ. ಇಬ್ಬರ ನಡುವಿನ ವ್ಯತ್ಯಾಸ ಒಂದು ಚೀಟಿ.

ಈ ಚೀಟಿಯ ವ್ಯವಸ್ಥೆಯನ್ನು ಸರಿಯಾಗಿ ನೋಡಬೇಕು. ಹೊಳೆಯ ಭಾಗ ಗುತ್ತಿಗೆಯಾಗೋದು ಸಂಘದ ಹೆಸರಿಗೆ. ಪರವಾನಗಿ ಗಾಳದ ಹೆಸರಿಗೆ. ಕ್ಯಾಂಪು ನಿಗಮದ್ದು. ತೆಪ್ಪ ಹಾಕುವವನು ಇವೆಲ್ಲದರ ನಡುವೆ ನಿಂತಿದ್ದಾನೆ, ಯಾವುದರ ಒಳಗೂ ಇಲ್ಲ. ಶುಲ್ಕ ಏರಿದರೆ ಅವನನ್ನು ಕೇಳೋದಿಲ್ಲ. ಅತಿಥಿ ಕಮ್ಮಿಯಾದರೆ ಅವನಿಗೆ ಪರಿಹಾರ ಇಲ್ಲ. ಕಾನೂನು ಬದಲಾದರೆ ಕೋರ್ಟಿಗೆ ಹೋಗಿ ನನ್ನ ಹಕ್ಕು ಹೋಯಿತು ಅನ್ನೋಕೆ ಅವನ ಕೈಯಲ್ಲಿ ತೋರಿಸುವ ಕಾಗದ ಇಲ್ಲ.

ಕಾನೂನು ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಪ್ರಾಣಿ ಅನ್ನೋ ಪದದ ವ್ಯಾಖ್ಯೆಯೊಳಗೆ ಮೀನು ಇರಲಿಲ್ಲ. 2002ರ ತಿದ್ದುಪಡಿ ಮೀನನ್ನು ಸೇರಿಸಿತು, 2003ರಲ್ಲಿ ಅದು ಜಾರಿಗೆ ಬಂತು. ಮೀನು ಪ್ರಾಣಿಯಾದರೆ ವನ್ಯಧಾಮದೊಳಗೆ ಗಾಳ ಹಾಕೋದು ಬೇಟೆಯಾಗುತ್ತದೆ. ಹಿಡಿದು ಬಿಟ್ಟರೂ ಅಷ್ಟೆ. ಅರಣ್ಯ ಇಲಾಖೆ ಈ ಅರ್ಥವನ್ನು ಹಿಡಿಯಲು ವರ್ಷಗಳು ಹಿಡಿದವು. 2012ರ ಹೊತ್ತಿಗೆ ಕಾವೇರಿ ವನ್ಯಧಾಮದೊಳಗಿನ ಕ್ಯಾಂಪುಗಳಲ್ಲಿ ಗಾಳ ಪೂರ್ತಿ ನಿಂತಿತು. ಕ್ಯಾಂಪುಗಳು ಮುಚ್ಚಲಿಲ್ಲ. ಪ್ರಕೃತಿ ಶಿಬಿರ, ಸಾಹಸ ಶಿಬಿರ ಅಂತ ಹೆಸರು ಬದಲಿಸಿಕೊಂಡವು. ರಬ್ಬರ್ ದೋಣಿ, ಹಗ್ಗದ ಮೇಲೆ ಜಾರುವ ಆಟ, ಬೆಂಗಳೂರಿನ ಕಂಪ್ಯೂಟರ್ ಕಂಪನಿಯವರ ಶನಿವಾರ ಭಾನುವಾರ. ಹೊಳೆಯ ತಳದ ಬಂಡೆ ಬಂಡೆಯ ಗುರುತು ಇದ್ದವನಿಗೆ ಅಲ್ಲಿ ಸಿಗೋ ಕೆಲಸ ತಲೆಗೆ ಹೆಲ್ಮೆಟ್ಟು ಕಟ್ಟಿಕೊಡೋದು. ವಿದ್ಯೆ ಅಂತ ನಾವು ಒಪ್ಪಿಕೊಳ್ಳದ ಒಂದು ವಿದ್ಯೆ ಹೀಗೆ ಒಂದೇ ಆದೇಶಕ್ಕೆ ನಿರುಪಯೋಗಿಯಾಯಿತು.

ಅದು ಎಂಥ ವಿದ್ಯೆ ಅನ್ನೋಕೆ ಒಂದು ಲೆಕ್ಕ ಇದೆ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಗಾಳಿಬೋರೆ ಕ್ಯಾಂಪಿನ 1998ರಿಂದ 2012ರವರೆಗಿನ ದಾಖಲೆ ಪುಸ್ತಕಗಳನ್ನು ಕೂತು ಎಣಿಸಿದರು. 23,620 ಗಂಟೆ ಗಾಳ. 6,161 ಮಶೀರ್. ಎಲ್ಲ ನೀರಿಗೆ ವಾಪಸು. ಈ ಗಂಟೆಗಳನ್ನು ಗಾಳ ಹಾಕಿದವರ ಗಂಟೆ ಅಂತ ಬರೆದಿದೆ. ಬಹುಪಾಲು ಅವು ಪಕ್ಕದಲ್ಲಿ ನಿಂತ ಮಾರ್ಗದರ್ಶಿಯ ಗಂಟೆಗಳೂ ಹೌದು. ಆ ಲೆಕ್ಕದಿಂದ ತಿಳಿದದ್ದು ಬಹಳ ದೊಡ್ಡ ಸಂಗತಿ. ಕಾವೇರಿಯಲ್ಲಿ ನೀಲಿ ರೆಕ್ಕೆಯ ಮಶೀರ್ ಹೆಚ್ಚುತ್ತಾ ಹೋಗಿದೆ. ಇದು ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಮರಿ ಕೇಂದ್ರದಿಂದ ನಾಡಿನ ಹೊಳೆಗಳಿಗೆ ಹರಡಿದ ಜಾತಿ. ಕಾವೇರಿಯದೇ ಆದ ಗೂನು ಬೆನ್ನಿನ ಮಶೀರ್ ಕುಸಿದುಹೋಗಿದೆ. ಹೊಳೆಯಲ್ಲಿ ಮೀನು ತುಂಬಿದೆ ಅಂತ ಎಲ್ಲರೂ ಖುಷಿಪಡುವಾಗ ಮೂಲದವರು ಕಾಣೆಯಾಗುತ್ತಿದ್ದರು. ಹೊರಗಿಂದ ತಂದು ತುಂಬಿಸಿದರೆ ಒಳಗಿನವರು ಎಲ್ಲಿ ಹೋದರು ಅಂತ ಲೆಕ್ಕ ಇಡೋರು ಇರೋದಿಲ್ಲ, ಮೀನಿಗೂ ಇದೇ ಗತಿ.

ಈ ಗೂನು ಬೆನ್ನಿನ ಮೀನಿಗೆ ವಿಜ್ಞಾನದ ಹೆಸರು ಖಚಿತವಾದದ್ದು 2018ರಲ್ಲಿ, ಟಾರ್ ರೆಮಾದೇವಿ ಅಂತ. ನೂರು ವರ್ಷಕ್ಕೂ ಮೇಲೆ ದೊರೆಗಳು ಅದನ್ನು ತೂಗಿದರು, ತಲೆ ಕಡಿದು ಗೋಡೆಗೆ ಹೊಡೆದರು, ಪುಸ್ತಕ ಬರೆದರು. ಅದು ಯಾವ ಜಾತಿ ಅಂತ ಕೇಳಲಿಲ್ಲ. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ತೀರಾ ಅಳಿವಿನಂಚಿನದು ಅಂತ ಸೇರಿತು. 2013ರಲ್ಲೇ ಈ ವಿಜ್ಞಾನಿಗಳು ಗಾಳದ ಕ್ಯಾಂಪಿದ್ದರೆ ಕಾವಲಿರುತ್ತದೆ, ಕಾವಲಿದ್ದರೆ ತೋಟೆ ನಿಲ್ಲುತ್ತದೆ ಅಂತ ವಾದಿಸಿದ್ದರು. ವಾದದಲ್ಲಿ ಸತ್ಯವಿದೆ. ನನಗೆ ಒಪ್ಪಿಗೆಯಾಗದ್ದು ಇಷ್ಟೆ: ಗಾಳ ಬೇಕು ಅನ್ನುವವರೂ ಬೇಡ ಅನ್ನುವವರೂ ಹಳ್ಳಿಯವನನ್ನು ಎರಡೇ ವೇಷದಲ್ಲಿ ನೋಡಿದರು. ಕೆಲಸ ಕೊಟ್ಟರೆ ಕಾವಲುಗಾರ, ಕೊಡದಿದ್ದರೆ ಕಳ್ಳ. ಹೊಳೆಯ ಹಕ್ಕುದಾರ ಅಂತ ಮೂರನೆಯ ವೇಷ ಇಬ್ಬರಿಗೂ ಹೊಳೆಯಲಿಲ್ಲ.

ತಿರುಗಿ ಹರಿಹರಕ್ಕೆ ಬರೋಣ. ವನ್ಯಜೀವಿ ಕಾಯಿದೆ ಬಂದದ್ದು 1972, ಬೆಂಗಳೂರಿನ ಸಂಘ ಹುಟ್ಟಿದ್ದು 1972 ಅಂದೆನಲ್ಲ, ಅದೇ 1972ರಲ್ಲಿ ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಬಿರ್ಲಾರ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ನೀಲಗಿರಿ ಬೇಯಿಸಿ ರೇಯಾನ್ ನೂಲಿಗೆ ಬೇಕಾದ ಪಲ್ಪ್ ಮಾಡುವ ಕಾರ್ಖಾನೆ. ಮರದಿಂದ ನಾರು ಬಿಡಿಸಿದ ಮೇಲೆ ಉಳಿಯುವ ಕಂದು ನೀರು ಹೊಳೆಗೆ ಬಿದ್ದರೆ ನೀರಲ್ಲಿರುವ ಆಮ್ಲಜನಕವನ್ನು ತಿಂದುಹಾಕುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿದಾಗ ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಮೀನು ಬಾಯಿ ಬಿಟ್ಟು ಮೇಲಕ್ಕೆ ತೇಲುತ್ತದೆ. ಕಾರೆಕಾಯಿ ಮಾಡುವ ಕೆಲಸವನ್ನೇ, ಒಂದು ಮಡುವಿಗಲ್ಲ, ಮೈಲಿಗಟ್ಟಲೆ ಹೊಳೆಗೆ ಮಾಡುತ್ತದೆ.

ಕೆಳಗಿನ ಹಳ್ಳಿಗಳಲ್ಲಿ ಮೀನು ಸತ್ತವು, ದನಗಳಿಗೆ, ಮನುಷ್ಯರಿಗೆ ರೋಗ ಬಂತು ಅಂತ ಜನ ಎದ್ದರು. 1984ರ ಅಕ್ಟೋಬರ್ 2ರಂದು ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ ಕಾರ್ಖಾನೆಯ ಮುಂದೆ ದೊಡ್ಡ ಪ್ರದರ್ಶನ ನಡೆಯಿತು. 1985ರ ಡಿಸೆಂಬರಿನಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು, ಮಾಲಿನ್ಯ ತಡೆಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಮೇಲೆ. 1897ರ ಐದನೇ ಕಲಮಿನ ಉದ್ದೇಶ ಅನ್ನೋ ಪದ ಯಾಕೆ ನೆನಪಿಡಿ ಅಂದೆ ಅಂತ ಈಗ ಗೊತ್ತಾಗಿರಬೇಕು. ಮೀನು ಕೊಂದದ್ದಕ್ಕೆ ಎರಡು ತಿಂಗಳ ಜೈಲು ಬಲೆಯವನಿಗಾಗಿ ಬರೆದದ್ದು. ಕಾರ್ಖಾನೆಗೆ ಬೇರೆ ಕಾನೂನು, 1974ರ ಜಲಮಾಲಿನ್ಯ ಕಾಯಿದೆ. ಅದರಲ್ಲಿ ಕೊಳಕು ನೀರು ಬಿಡೋಕೆ ಮಂಡಳಿಯಿಂದ ಸಮ್ಮತಿ ಪತ್ರ ಪಡೆಯಬೇಕು. ಅದೂ ಒಂದು ಲೈಸೆನ್ಸೇ. ಬಲೆಯವನು ಹೊಳೆಯಿಂದ ತೆಗೆಯೋಕೆ ಲೈಸೆನ್ಸು, ಕಾರ್ಖಾನೆ ಹೊಳೆಗೆ ಸುರಿಯೋಕೆ ಲೈಸೆನ್ಸು. ಎರಡನ್ನೂ ಕೊಡೋದು ಒಂದೇ ಸರ್ಕಾರ.

ಇದೇ ಹೋರಾಟ ಆಮೇಲೆ ನೆಲಕ್ಕೆ ಇಳಿಯಿತು. ಕಾರ್ಖಾನೆಗೆ ನೀಲಗಿರಿ ಬೆಳೆಯಲು ಸರ್ಕಾರ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿ ಸುಮಾರು 30,000 ಹೆಕ್ಟೇರ್ ಊರೊಟ್ಟಿನ ನೆಲ ಕೊಡಲು ಹೊರಟಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಅಂತ ಅದರ ಹೆಸರು. 1991ರಲ್ಲಿ ಆ ಕಂಪನಿ ಮುಚ್ಚಿತು. ನೆಲದ ಹೋರಾಟಕ್ಕೆ ಗೆಲುವು ಸಿಕ್ಕಿತು. ನೆಲಕ್ಕೆ ಸರ್ವೆ ನಂಬರ್ ಇದೆ, ಗೋಮಾಳ ಅಂತ ಪಹಣಿಯಲ್ಲಿ ಬರೆದಿದೆ, ಊರವರು ತೋರಿಸಬಹುದು. ಹರಿಯುವ ನೀರಲ್ಲಿ ಈ ಮಡುವು ನಮ್ಮದು ಅಂತ ತೋರಿಸೋದು ಹೇಗೆ?

ಇವತ್ತು ಕರ್ನಾಟಕದಲ್ಲಿ ನಡೆಯುತ್ತಿರೋದು 1996ರ ಒಳನಾಡು ಮೀನುಗಾರಿಕೆ ಕಾಯಿದೆ. ಕೆರೆ, ನದಿಯ ಭಾಗಗಳ ಹಕ್ಕಿಗೆ ಇಲಾಖೆಯ ಭಾಷೆಯಲ್ಲಿ ಮೀನು ಪಾಶುವಾರು ಅಂತಾರೆ. ಟೆಂಡರು, ಹರಾಜು, ಗುತ್ತಿಗೆ. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಅನ್ನೋ ಮಾತೂ ಇದೆ. ಎಷ್ಟೋ ಕಡೆ ಸಂಘದ ಹೆಸರಿನ ಹಿಂದೆ ಕೂತವನು ದುಡ್ಡಿರುವ ಗುತ್ತಿಗೆದಾರ. ಬಲೆ ಎಳೆಯುವವನು ಅವನ ಹತ್ತಿರ ಕಿಲೋಗೆ ಇಷ್ಟು ಅಂತ ಕೂಲಿಗೆ ನಿಂತವನು. ತನ್ನ ಹೊಳೆಯಲ್ಲೇ ಗಿಲ್ಲಿ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಯಲ್ಲಿ ಬೊಗಸೆ ನೀರು ಎತ್ತಿದ್ದು ಮುಟ್ಟುವ ಹಕ್ಕಿಗೆ. ನೀರನ್ನು ಆಳುವ ಹಕ್ಕು ಆ ಬೊಗಸೆಯಿಂದ ಇನ್ನೂ ಬಹಳ ದೂರ ಇದೆ.

ಒಂದು ಬಾಗಿಲು ಮಾತ್ರ ತೆರೆದಿದೆ, ಅದನ್ನು ಹಳ್ಳಿಯ ಮೇಷ್ಟ್ರುಗಳು, ಕಾಲೇಜಿನ ಗೆಳೆಯರು ಗಮನಿಸಬೇಕು. 2006ರ ಅರಣ್ಯ ಹಕ್ಕು ಕಾಯಿದೆಯ ಮೂರನೇ ಕಲಮಿನಲ್ಲಿ, ಮೀನು ಮತ್ತು ಜಲಮೂಲದ ಇತರ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕು ಅಂತ ಬಾಯಿಬಿಟ್ಟು ಹೇಳಿದೆ. ವನ್ಯಧಾಮದೊಳಗಿನ ನೆಲಕ್ಕೂ ಈ ಕಾಯಿದೆ ಅನ್ವಯಿಸುತ್ತದೆ. ಅಂದರೆ ಒಂದು ಕಾಯಿದೆ ವನ್ಯಧಾಮದಲ್ಲಿ ಮೀನು ಹಿಡಿದರೆ ಬೇಟೆ ಅನ್ನುತ್ತದೆ, ಇನ್ನೊಂದು ಅದನ್ನೇ ಹಕ್ಕು ಅನ್ನುತ್ತದೆ. 2012ರಲ್ಲಿ ಗಾಳ ನಿಂತಾಗ ಇಂಗ್ಲಿಷಿನಲ್ಲಿ ನಡೆದ ಚರ್ಚೆಯೆಲ್ಲ ಮೊದಲನೆಯದರ ಸುತ್ತ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದಕ್ಕೆ ಒಂದು ವರ್ಷ ಮೊದಲು, 2011ರಲ್ಲಿ, ಇದೇ 2006ರ ಕಾಯಿದೆಯಲ್ಲಿ ಸಮುದಾಯದ ಹಕ್ಕುಪತ್ರ ಕೈಗೆ ತಗೊಂಡಿದ್ದರು. ಹೊಳೆ ದಂಡೆಯ ತೆಪ್ಪದವರ ಪರವಾಗಿ ಆ ಕಾಗದ ಬರೆದವರು ಯಾರು?

ತೊಡಕು ಇಲ್ಲದಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವು ಅಂತ ತೋರಿಸಬೇಕು. ಕಾಗದ ಕೊಡದೆ ಇಟ್ಟ ಜನಕ್ಕೆ ಕಾಗದ ತನ್ನಿ ಅನ್ನೋದು ಇದೇ. ಆದರೆ 2008ರ ನಿಯಮಗಳ ಹದಿಮೂರನೇ ನಿಯಮದಲ್ಲಿ ಸಾಕ್ಷ್ಯಗಳ ಪಟ್ಟಿ ಇದೆ. ಅದರಲ್ಲಿ ಊರಿನ ಹಿರಿಯರು ಹೇಳಿದ ಮಾತನ್ನು ಬರೆದುಕೊಂಡದ್ದೂ ಒಂದು ಸಾಕ್ಷ್ಯ, ಅರ್ಜಿ ಹಾಕಿದವರೇ ಆ ಹಿರಿಯರಾಗಿರಬಾರದು ಅಷ್ಟೆ. ಆದ್ದರಿಂದ ಮುತ್ತತ್ತಿ ಕಡೆಯ, ಕನಕಪುರ ಸೀಮೆಯ ಶಾಲೆಗಳಲ್ಲಿ ಕೆಲಸ ಮಾಡುವ ಮೇಷ್ಟ್ರುಗಳು ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಹೊರಡಬಹುದು. ಮಡುವಿನ ಹೆಸರು, ಬಂಡೆಯ ಹೆಸರು, ಯಾವ ತಿಂಗಳು ಯಾವ ಮೀನು, ಕೂಳಿ ಎಲ್ಲಿ ಇಡ್ತಿದ್ದರು, ಬೀಸುಬಲೆ ಎಲ್ಲಿ, ಅವರ ಅಪ್ಪ ಎಲ್ಲಿ ಹಿಡಿಯುತ್ತಿದ್ದ, ಅಜ್ಜ ಎಲ್ಲಿ, ದೊರೆಗಳ ತೆಪ್ಪ ಯಾರು ಹಾಕ್ತಿದ್ದರು, ಕ್ಯಾಂಪಿನಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಕೆಲಸ, ಕೂಲಿ ಎಷ್ಟಿತ್ತು. ಹೇಳಿದವರ ಪೂರಾ ಹೆಸರು, ಅಪ್ಪನ ಹೆಸರು, ಊರು, ತಾರೀಖು, ಕೆಳಗೆ ಹೆಬ್ಬೆಟ್ಟು. ಆಮೇಲೆ ಅದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಮುಂದೆ ಹೋಗಬೇಕು.